ಆಸ್ಟ್ರೇಲಿಯಾವೋ ಬ್ರಿಟನ್ನೋ? ಮೊದಲು ವಯಸ್ಸಿನ ಲೆಕ್ಕ ಹಾಕಿ

ಡೊಂಬಿವಲಿಯಿಂದ ದಾದರಿಗೆ ಹೋಗುವ ಲೋಕಲ್‌ನಲ್ಲಿ ನಿಂತುಕೊಂಡೇ ನಾನು ಬ್ರಿಟನ್ನಿನಲ್ಲಿ ಎರಡು ವರ್ಷ ಇದ್ದು ದುಡಿಯುವ ವೀಸಾದ ಬ್ಯಾಲಟ್‌ಗೆ, ಅಂದರೆ ಚೀಟಿ ಎತ್ತುವುದಕ್ಕೆ, ಹೆಸರು ಹಾಕಿದ್ದು. 2023ರ ಫೆಬ್ರವರಿ ಕೊನೆ. ಆ ಯೋಜನೆಯ ಮೊಟ್ಟಮೊದಲ ಸುತ್ತು ಅದು, 2,400 ಜಾಗ. ಆಗ ನನಗೆ ಮೂವತ್ತು. ಹೆಸರು ಬರಲಿಲ್ಲ. ಜುಲೈಯಲ್ಲಿ ಎರಡನೇ ಸುತ್ತು ಬರುವ ಹೊತ್ತಿಗೆ ಮೂವತ್ತೊಂದು ತುಂಬಿ ಒಂದು ತಿಂಗಳಾಗಿತ್ತು. 31 ತುಂಬಿದವರಿಗೆ ಅದಿಲ್ಲ, ನನ್ನ ಪಾಲಿಗೆ ಅಲ್ಲಿಗೆ ಮುಗಿಯಿತು.

ಅದಕ್ಕೇ ಈಗ ಯಾರಾದರೂ ಯಾವ ದೇಶ ಒಳ್ಳೇದು ಅಂತ ಕೇಳಿದರೆ ನಾನು ಮೊದಲು ಹುಟ್ಟಿದ ತಾರೀಕು ಕೇಳುತ್ತೇನೆ. ಚಿಕ್ಕಮ್ಮನ ಮಗ ಪುಣೆಯಿಂದ ಫೋನ್ ಮಾಡಿದಾಗಲೂ ಅದನ್ನೇ ಕೇಳಿದೆ. "ಅಕ್ಕಾ, ನಾನು ಕೇಳಿದ್ದು ವೀಸಾ ಬಗ್ಗೆ, ಜಾತಕ ಅಲ್ಲ" ಅಂದ. ಅವನಿಗೆ ಹೇಳಿದ್ದನ್ನೇ ಸ್ವಲ್ಪ ಓರಣ ಮಾಡಿ ಇಲ್ಲಿ ಬರೆದಿದ್ದೇನೆ.

ಗೊತ್ತಿಲ್ಲದವರಿಗೆ ಒಂದು ಮಾತು. ಪ್ರವಾಸಿ ವೀಸಾದಲ್ಲಿ ಹೋದರೆ ದುಡಿಯುವಂತಿಲ್ಲ. ಕೆಲಸದ ವೀಸಾ ಬೇಕೆಂದರೆ ಅಲ್ಲಿನ ಕಂಪನಿಯೊಂದು ನಿಮ್ಮನ್ನು ಕರೆಯಬೇಕು. ವರ್ಕಿಂಗ್ ಹಾಲಿಡೇ ವೀಸಾ ಇವೆರಡರ ನಡುವಿನದ್ದು. ಯಾವ ಕಂಪನಿಯ ಪತ್ರವೂ ಬೇಡ. ಹೋಗಿ ಇಳಿದು, ಕೆಲಸ ಹುಡುಕಿ, ದುಡಿದು, ಸುತ್ತಿ ಬರಬಹುದು. ಸಾಮಾನ್ಯವಾಗಿ 18ರಿಂದ 30 ವಯಸ್ಸಿನವರಿಗೆ ಮಾತ್ರ. ಕುಂದಾಪುರದಿಂದ ಮುಂಬೈಗೆ ಬಂದು, ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಓದಿದ ನಮ್ಮ ಅಪ್ಪಯ್ಯನಿಗೆ ಇದನ್ನು ವಿವರಿಸಿದಾಗ ಅವರು ಕೇಳಿದ್ದು ಒಂದೇ: "ದುಡುದಾ, ತಿರ್ಗುದಾ? ಸಮ ಹೇಳ್."

ಕೆನಡಾ, ಜಪಾನ್ ಅಂತೆಲ್ಲ ವಿಡಿಯೋಗಳಲ್ಲಿ ನೋಡಿರುತ್ತೀರಿ. ಆ ದೇಶಗಳ ವರ್ಕಿಂಗ್ ಹಾಲಿಡೇ ಪಟ್ಟಿಯಲ್ಲಿ ಭಾರತ ಇಲ್ಲ. ಆ ವಿಡಿಯೋ ಮಾಡಿದವರ ಪಾಸ್‌ಪೋರ್ಟ್ ಬೇರೆ. ಗೋವಾದ ಕೆಲವು ಗೆಳೆಯರಿಗೆ ಇನ್ನೊಂದು ದಾರಿ ಇದೆ: ಪೋರ್ಚುಗೀಸರ ಆಳ್ವಿಕೆ ಮುಗಿದ 1961ರ ಡಿಸೆಂಬರ್ 19ಕ್ಕೆ ಮೊದಲು ಅಲ್ಲಿ ಹುಟ್ಟಿದವರ ಮಕ್ಕಳು, ಮೊಮ್ಮಕ್ಕಳು ಪೋರ್ಚುಗಲ್ ಪೌರತ್ವ ಕೇಳಬಹುದು. ಆದರೆ ಅದನ್ನು ಪಡೆದರೆ ಭಾರತದ ಪೌರತ್ವ ಹೋಗುತ್ತದೆ. ವಾಸ್ಕೋ ಕಡೆ ನೆಲೆಸಿದ ನಮ್ಮ ಕನ್ನಡದವರಲ್ಲಿ ಹೆಚ್ಚಿನವರು ಆಮೇಲೆ ಹೋದವರು, ಹಾಗಾಗಿ ಆ ದಾರಿ ಅವರದ್ದಲ್ಲ. ನಮ್ಮಂಥವರು ಕೂತು ಹೋಲಿಸಿ ನೋಡಬೇಕಾದ್ದು ಎರಡನ್ನು. ಆಸ್ಟ್ರೇಲಿಯಾದ ವರ್ಕ್ ಅಂಡ್ ಹಾಲಿಡೇ ವೀಸಾ, ಅಂದರೆ ಸಬ್‌ಕ್ಲಾಸ್ 462. ಮತ್ತೆ ಬ್ರಿಟನ್ನಿನ ಇಂಡಿಯಾ ಯಂಗ್ ಪ್ರೊಫೆಷನಲ್ಸ್ ಸ್ಕೀಮ್.

ವಯಸ್ಸು ಯಾಕೆ ಮೊದಲು

ಎರಡಕ್ಕೂ 30 ಅಂತಲೇ ಬರೆದಿದೆ. ಆದರೆ ಆ 30 ಕೆಲಸ ಮಾಡುವ ರೀತಿ ಬೇರೆ ಬೇರೆ.

ಬ್ರಿಟನ್ ಎರಡು ವರ್ಷವನ್ನು ಒಟ್ಟಿಗೆ ಕೊಡುತ್ತದೆ. ವೀಸಾ ಅರ್ಜಿ ಹಾಕುವ ದಿನ 31 ತುಂಬಿರಬಾರದು, ಅಷ್ಟೇ. ಅಲ್ಲಿ ಹೋದ ಮೇಲೆ ತುಂಬಿದರೆ ತೊಂದರೆ ಇಲ್ಲ, 24 ತಿಂಗಳು ಪೂರ್ತಿ ಇರಬಹುದು. ಅದಾದ ಮೇಲೆ ಇದೇ ವೀಸಾದ ವಿಸ್ತರಣೆ ಇಲ್ಲ, ಇನ್ನೊಮ್ಮೆ ಸಿಗುವುದೂ ಇಲ್ಲ.

ಆಸ್ಟ್ರೇಲಿಯಾ ಒಂದೊಂದೇ ವರ್ಷ ಕೊಡುತ್ತದೆ. ಮೊದಲ ವರ್ಷ ಅಲ್ಲಿನ ಕೆಲವು ನಿಗದಿತ ಪ್ರದೇಶಗಳಲ್ಲಿ ನಿಗದಿತ ಕೆಲಸವನ್ನು ಮೂರು ತಿಂಗಳು ಮಾಡಿದರೆ ಎರಡನೇ ವೀಸಾ ಕೇಳಬಹುದು. ಎರಡನೇ ವರ್ಷ ಅಂಥದ್ದೇ ಕೆಲಸ ಆರು ತಿಂಗಳು ಮಾಡಿದರೆ ಮೂರನೆಯದು. ಒಟ್ಟು ಮೂರು ವರ್ಷ. ಎರಡನೆಯದಕ್ಕೆ, ಮೂರನೆಯದಕ್ಕೆ ಮತ್ತೆ ಬ್ಯಾಲಟ್ ಇಲ್ಲ, ಅದು ದೊಡ್ಡ ಅನುಕೂಲ. ಆದರೆ ಪ್ರತಿ ಸಲ ಅರ್ಜಿ ಹಾಕುವಾಗಲೂ 31 ತುಂಬಿರಬಾರದು.

ಈಗ ಲೆಕ್ಕ ಮಾಡಿ. 29 ದಾಟಿದವರಿಗೆ ಆಸ್ಟ್ರೇಲಿಯಾ ಅಂದರೆ ಒಂದೇ ವರ್ಷ, ಹೆಚ್ಚೆಂದರೆ ಎರಡು. ಬ್ರಿಟನ್ ಆದರೆ ಪಕ್ಕಾ ಎರಡು. 24ರ ಹುಡುಗ ಹುಡುಗಿಯರಿಗೆ ಇದು ಉಲ್ಟಾ. ಮೊದಲು ಆಸ್ಟ್ರೇಲಿಯಾಕ್ಕೆ ಹೋಗಿ ಎರಡು ಮೂರು ವರ್ಷ ಕಳೆದು, ಆಮೇಲೂ ಬ್ರಿಟನ್ನಿಗೆ ಹೆಸರು ಹಾಕಲು ವಯಸ್ಸು ಉಳಿದಿರುತ್ತದೆ. ಒಂದಕ್ಕೆ ಹೋದರೆ ಇನ್ನೊಂದು ತಪ್ಪಿಹೋಗುತ್ತದೆ ಅನ್ನುವ ನಿಯಮ ಏನಿಲ್ಲ. ಹಾಗಾಗಿ "ಯಾವುದು" ಅನ್ನುವುದಕ್ಕಿಂತ "ಯಾವುದು ಮೊದಲು" ಅಂತ ಕೇಳುವುದು ಸರಿ.

ಓದಿನ ವಿಷಯದಲ್ಲಿ ಬ್ರಿಟನ್ ಬಿಗಿ: ಪದವಿ ಮುಗಿದಿರಲೇಬೇಕು. ಆಸ್ಟ್ರೇಲಿಯಾಕ್ಕೆ ಪದವಿಯ ಎರಡು ವರ್ಷ ಮುಗಿಸಿದ್ದರೂ ಸಾಕು. ಇಂಗ್ಲಿಷ್ ವಿಷಯದಲ್ಲಿ ಮಾತ್ರ ತದ್ವಿರುದ್ಧ. ಬ್ರಿಟನ್ ಈ ವೀಸಾಗೆ ಇಂಗ್ಲಿಷ್ ಪರೀಕ್ಷೆ ಕೇಳುವುದಿಲ್ಲ, ಆಸ್ಟ್ರೇಲಿಯಾ ಇಂಗ್ಲಿಷ್ ಬರುತ್ತದೆ ಅನ್ನುವುದಕ್ಕೆ ಪುರಾವೆ ಕೇಳುತ್ತದೆ. ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆಯಲ್ಲಿ ಸರಾಸರಿ 4.5 ಬಂದರೆ ಸಾಕು, ಹೆದರುವಂಥದ್ದಲ್ಲ. ಗಂಡ ಹೆಂಡತಿ ಒಂದೇ ಅರ್ಜಿಯಲ್ಲಿ ಹೋಗುವಂತಿಲ್ಲ, ಇಬ್ಬರೂ ಬೇರೆ ಬೇರೆಯಾಗಿಯೇ ಅದೃಷ್ಟ ನೋಡಬೇಕು. ಚಿಕ್ಕ ಮಕ್ಕಳಿದ್ದವರಿಗೆ ಎರಡೂ ಆಗಿಬರುವುದಿಲ್ಲ.

ಚೀಟಿ ಎತ್ತುವ ಆಟ

ಎರಡೂ ಕಡೆ ಬ್ಯಾಲಟ್ ಅಂದರೆ ಚೀಟಿ ಎತ್ತುವುದೇ. ಅಂಕ, ಅನುಭವ, ಸಂಬಳ ಯಾವುದೂ ಅಲ್ಲಿ ಲೆಕ್ಕಕ್ಕಿಲ್ಲ.

ಬ್ರಿಟನ್ನಿನಲ್ಲಿ ವರ್ಷಕ್ಕೆ 3,000 ಜಾಗ. ಸಾಮಾನ್ಯವಾಗಿ ಫೆಬ್ರವರಿಯಲ್ಲಿ ಒಮ್ಮೆ, ಜುಲೈಯಲ್ಲಿ ಒಮ್ಮೆ ಬ್ಯಾಲಟ್ ತೆರೆಯುತ್ತದೆ. ತೆರೆದಿರುವುದು ಎರಡೇ ದಿನ. ಹೆಸರು ಹಾಕಲು ದುಡ್ಡಿಲ್ಲ. ಹೆಸರು, ಪಾಸ್‌ಪೋರ್ಟ್ ವಿವರ, ಅದರ ಫೋಟೋ, ಫೋನು, ಇಮೇಲ್ ಇಷ್ಟಿದ್ದರೆ ಲೋಕಲ್‌ನಲ್ಲಿ ಠಾಣೆ ಬರುವಷ್ಟರಲ್ಲಿ ಮುಗಿಯುತ್ತದೆ. ಎರಡು ವಾರದೊಳಗೆ ಫಲಿತಾಂಶ ಇಮೇಲ್‌ನಲ್ಲಿ ಬರುತ್ತದೆ. ಒಬ್ಬರಿಗೆ ಒಂದು ಸುತ್ತಿನಲ್ಲಿ ಒಂದೇ ಸಲ.

ಆಸ್ಟ್ರೇಲಿಯಾದ್ದು ಹೊಸದು. ಎರಡು ದೇಶಗಳ ವ್ಯಾಪಾರ ಒಪ್ಪಂದ 2022ರ ಡಿಸೆಂಬರ್ 29ರಂದು ಜಾರಿಗೆ ಬಂತಲ್ಲ, ಅದರ ಜೊತೆ ಬಂದ ಮಾತು ಇದು. ವರ್ಷಕ್ಕೆ 1,000 ಜಾಗ. ಮೊದಲ ಬ್ಯಾಲಟ್ 2024ರ ಅಕ್ಟೋಬರ್ ತಿಂಗಳಿಡೀ ತೆರೆದಿತ್ತು. ಎರಡು ವಾರದಲ್ಲಿ 40,000 ಅರ್ಜಿ ಬಂದಿದೆ ಎಂದು ಅಲ್ಲಿನ ಸಹಾಯಕ ಸಚಿವರೇ ಹೇಳಿದ್ದರು. ಅಂದರೆ ಅಷ್ಟರಲ್ಲೇ ಒಂದು ಜಾಗಕ್ಕೆ ನಲವತ್ತು ಜನ. ಬೆಳಗ್ಗೆ ಎಂಟೂವರೆಯ ಫಾಸ್ಟ್ ಲೋಕಲ್‌ನಲ್ಲಿ ಕಿಟಕಿ ಪಕ್ಕ ಸೀಟು ಸಿಗುವ ಸಾಧ್ಯತೆ ಅಂದುಕೊಳ್ಳಿ. ಹೆಸರು ಹಾಕಲು 25 ಆಸ್ಟ್ರೇಲಿಯನ್ ಡಾಲರ್ ಕಟ್ಟಬೇಕು, ಅದು ವಾಪಸ್ ಬರುವುದಿಲ್ಲ. ಪಾಸ್‌ಪೋರ್ಟ್ ಜೊತೆ ಪ್ಯಾನ್ ಕಾರ್ಡೂ ಬೇಕು. ಆಯ್ಕೆಯಾದರೆ 28 ದಿನದೊಳಗೆ ಪೂರ್ತಿ ವೀಸಾ ಅರ್ಜಿ ಹಾಕಬೇಕು.

ಈ 28 ದಿನವೇ ಜನ ಸಿಕ್ಕಿಬೀಳುವ ಜಾಗ. ಆಮೇಲೆ ಐಇಎಲ್‌ಟಿಎಸ್ ತಾರೀಕು ಹುಡುಕುತ್ತೇನೆ, ಆಮೇಲೆ ಕಾಲೇಜಿನಿಂದ ಪ್ರಮಾಣಪತ್ರ ತರಿಸುತ್ತೇನೆ ಅಂದರೆ ಆಗುವುದಿಲ್ಲ. ಕಾಗದಗಳು ಮೊದಲೇ ಸಿದ್ಧ ಇರಬೇಕು. ಕೆಲಸಕ್ಕೆ ರಾಜೀನಾಮೆ ಮಾತ್ರ ವೀಸಾ ಕೈಗೆ ಬಂದ ಮೇಲೆ. ಆಸ್ಟ್ರೇಲಿಯಾ ವೀಸಾ ಬಂದ ಮೇಲೆ ಒಳಗೆ ಹೋಗಲು ಹನ್ನೆರಡು ತಿಂಗಳು ಸಮಯ ಇರುತ್ತದೆ, ಅವಸರ ಏನಿಲ್ಲ.

ದುಡ್ಡಿನ ಮಾತು

ಹೆಸರು ಹಾಕಲು ಬಿಟ್ಟಿ ಅಂತ ಬ್ರಿಟನ್ ಅಗ್ಗ ಅಂದುಕೊಳ್ಳಬೇಡಿ. 2025ರ ದರದಲ್ಲಿ ವೀಸಾ ಶುಲ್ಕ 319 ಪೌಂಡ್. ಅದರ ಮೇಲೆ ಆರೋಗ್ಯದ ಸರ್‌ಚಾರ್ಜ್ ವರ್ಷಕ್ಕೆ 776, ಎರಡು ವರ್ಷದ್ದು ಒಟ್ಟಿಗೆ 1,552. ಕೂಡಿದರೆ 1,871 ಪೌಂಡ್, ನಮ್ಮ ದುಡ್ಡಿನಲ್ಲಿ ಎರಡು ಲಕ್ಷಕ್ಕೂ ಜಾಸ್ತಿ. ಅದೆಲ್ಲ ಒಂದು ರೂಪಾಯಿ ದುಡಿಯುವ ಮೊದಲೇ. ಇದಲ್ಲದೆ 2,530 ಪೌಂಡ್ ಉಳಿತಾಯ ಸತತ 28 ದಿನ ಖಾತೆಯಲ್ಲಿ ಇತ್ತು ಅಂತ ತೋರಿಸಬೇಕು. ನಡುವೆ ಒಂದು ದಿನ ಕಮ್ಮಿಯಾದರೂ ಮತ್ತೆ ಒಂದರಿಂದ ಎಣಿಕೆ. ಗಣೇಶ ಚೌತಿಯ ಖರ್ಚಿಗೆ ಅದೇ ಖಾತೆಯಿಂದ ತೆಗೆದು ಆಮೇಲೆ ಹಾಕಿದರಾಯಿತು ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಟಿಬಿ ಪರೀಕ್ಷೆಯೂ ಬೇಕು, ಅದೂ ಅವರು ಒಪ್ಪಿದ ಕ್ಲಿನಿಕ್ಕಿನಲ್ಲೇ.

ಆಸ್ಟ್ರೇಲಿಯಾದ ವೀಸಾ ಶುಲ್ಕ 2025ರ ಜುಲೈಯಲ್ಲಿ 670 ಡಾಲರ್ ಇತ್ತು, ಸುಮಾರು ನಲವತ್ತು ಸಾವಿರ ರೂಪಾಯಿ. ತೋರಿಸಬೇಕಾದ ಹಣ 5,000 ಡಾಲರ್, ಜೊತೆಗೆ ವಿಮಾನದ ಖರ್ಚು. ಕೈಯಲ್ಲಿರಬೇಕಾದ ಹಣ ಎರಡೂ ಕಡೆ ಮೂರು ಲಕ್ಷದ ಆಸುಪಾಸೇ. ವ್ಯತ್ಯಾಸ ಇರುವುದು ಕಟ್ಟಿ ಕಳೆದುಕೊಳ್ಳುವ ಹಣದಲ್ಲಿ. ಆದರೆ ಬ್ರಿಟನ್ನಿನ ಸರ್‌ಚಾರ್ಜ್ ಸುಮ್ನೆ ಅಲ್ಲ, ಅಲ್ಲಿನ ಸರಕಾರಿ ಆಸ್ಪತ್ರೆ ವ್ಯವಸ್ಥೆಯನ್ನು ಬಳಸಬಹುದು. ಆಸ್ಟ್ರೇಲಿಯಾದ ಸರಕಾರಿ ಆರೋಗ್ಯ ವ್ಯವಸ್ಥೆ ಮೆಡಿಕೇರ್ ನಮಗೆ ಸಿಗುವುದಿಲ್ಲ, ಖಾಸಗಿ ವಿಮೆ ಮಾಡಿಸಿಕೊಳ್ಳಬೇಕು. ಹಲ್ಲುನೋವು ಒಂದು ಸಾಕು, ಉಳಿಸಿದ್ದೆಲ್ಲ ಹೋಗಲು.

ಅಲ್ಲಿ ಹೋಗಿ ಏನು ಮಾಡುತ್ತೀರಿ

ನನ್ನ ಮಟ್ಟಿಗೆ ಎರಡು ವೀಸಾಗಳ ನಿಜವಾದ ವ್ಯತ್ಯಾಸ ಇಲ್ಲೇ ಇರುವುದು.

ಆಸ್ಟ್ರೇಲಿಯಾದಲ್ಲಿ ಸಾಮಾನ್ಯವಾಗಿ ಒಬ್ಬ ಮಾಲೀಕನ ಹತ್ತಿರ ಆರು ತಿಂಗಳಿಗಿಂತ ಹೆಚ್ಚು ಕೆಲಸ ಮಾಡುವಂತಿಲ್ಲ. ಕೆಲವು ವಿನಾಯಿತಿ ಇವೆ, ಆದರೆ ಮೂಲ ನಿಯಮ ಅದು. ಆರು ತಿಂಗಳಲ್ಲಿ ಬಿಟ್ಟುಹೋಗುವ ಇಂಜಿನಿಯರನ್ನು ಯಾವ ಕಂಪನಿ ತಾನೇ ತೆಗೆದುಕೊಳ್ಳುತ್ತದೆ? ಹಾಗಾಗಿ ಸಿಗುವುದು ಕೆಫೆ, ಹೋಟೆಲು, ತೋಟ, ಹಣ್ಣು ಕೀಳುವುದು, ಕಟ್ಟಡದ ಕೆಲಸ. ಇದನ್ನು ಕೀಳು ಅಂತ ಹೇಳುತ್ತಿಲ್ಲ. ಕಪ್ಪು ಬಸಿ ತೊಳೆದ ಕೈಗಳೇ ಮಾಟುಂಗದಿಂದ ಮುಲುಂಡಿನವರೆಗೆ ಉಡುಪಿ ಹೋಟೆಲು ಕಟ್ಟಿದ್ದು. ಅಲ್ಲಿನ ಕನಿಷ್ಠ ಕೂಲಿ 2025ರ ಜುಲೈಯಲ್ಲಿ ಗಂಟೆಗೆ 24.95 ಡಾಲರ್ ಇತ್ತು. ಕ್ಯಾಶುವಲ್ ಅಂತ, ಅಂದರೆ ಕಾಯಂ ಅಲ್ಲದೆ, ತೆಗೆದುಕೊಂಡರೆ ಅದರ ಮೇಲೆ ಕಾಲು ಪಾಲು ಜಾಸ್ತಿ.

ಆದರೆ ಆ ಅಂಕಿ ನೋಡಿ ರೂಪಾಯಿಗೆ ಗುಣಿಸುವ ಮೊದಲು ತೆರಿಗೆ ನೋಡಿ. ವರ್ಕಿಂಗ್ ಹಾಲಿಡೇಯವರಿಗೆ 45,000 ಡಾಲರ್‌ವರೆಗೆ ಮೊದಲ ಡಾಲರ್‌ನಿಂದಲೇ 15 ಶೇಕಡಾ ತೆರಿಗೆ. ಮಾಲೀಕರು ನಿಮ್ಮ ಹೆಸರಿನಲ್ಲಿ ಸೂಪರ್ ಅಂತ ಪಿಂಚಣಿ ನಿಧಿಗೆ ಹಣ ಹಾಕುತ್ತಾರೆ. ಅದನ್ನು ನಮ್ಮ ಪಿಎಫ್ ಥರ ಅಂದುಕೊಂಡು ಲೆಕ್ಕಕ್ಕೆ ಸೇರಿಸಿಕೊಂಡವರನ್ನು ನೋಡಿದ್ದೇನೆ. ದೇಶ ಬಿಟ್ಟು ಬರುವಾಗ ತೆಗೆದರೆ ಅದರಲ್ಲಿ 65 ಶೇಕಡಾ ತೆರಿಗೆಗೇ ಹೋಗುತ್ತದೆ. ನೂರಕ್ಕೆ ಮೂವತ್ತೈದು ಕೈಗೆ.

ಎರಡನೇ ವರ್ಷ ಬೇಕು ಅನ್ನುವವರು ಮೊದಲೇ ಯೋಚಿಸಿ ಊರು ಆರಿಸಿಕೊಳ್ಳಬೇಕು. ಸಿಡ್ನಿಯ ಕೆಫೆಯಲ್ಲಿ ಎಷ್ಟು ದುಡಿದರೂ ಅದು ಆ ಮೂರು ತಿಂಗಳಿಗೆ ಲೆಕ್ಕವಿಲ್ಲ. ಉತ್ತರ ಆಸ್ಟ್ರೇಲಿಯಾದಲ್ಲಿ, ಅಂದರೆ ಡಾರ್ವಿನ್, ಕೇನ್ಸ್ ಕಡೆ, ಹೋಟೆಲು ಮತ್ತು ಪ್ರವಾಸೋದ್ಯಮದ ಕೆಲಸವೂ ಲೆಕ್ಕಕ್ಕೆ ಬರುತ್ತದೆ. ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದ ನಮ್ಮ ಕಡೆಯ ಹುಡುಗರಿಗೆ ಇದು ಹೇಳಿ ಮಾಡಿಸಿದ ಹಾಗಿದೆ. ಡಾರ್ವಿನ್ನಿನ ಸೆಕೆಗೆ ಮುಂಬೈಯವರು ಹೆದರಬೇಕಾಗಿಯೂ ಇಲ್ಲ. ಪೇ ಸ್ಲಿಪ್ ಮಾತ್ರ ಒಂದೂ ಬಿಡದೆ ಇಟ್ಟುಕೊಳ್ಳಿ, ನಾಳೆ ಅದೇ ಸಾಕ್ಷಿ.

ಬ್ರಿಟನ್ನಿನಲ್ಲಿ ಆ ಆರು ತಿಂಗಳ ಕಟ್ಟು ಇಲ್ಲ. ಒಂದೇ ಕಂಪನಿಯಲ್ಲಿ ಎರಡು ವರ್ಷ, ನಿಮ್ಮದೇ ಕ್ಷೇತ್ರದಲ್ಲಿ ಕೆಲಸ ಮಾಡಬಹುದು. ಕಂಪನಿಗೆ ಸ್ಪಾನ್ಸರ್ ಮಾಡುವ, ಅಂದರೆ ನಿಮ್ಮ ವೀಸಾದ ಹೊಣೆ ಹೊರುವ, ತಲೆನೋವೂ ಇಲ್ಲ, ಸಂದರ್ಶನದಲ್ಲಿ ಇದನ್ನು ಬಾಯಿಬಿಟ್ಟು ಹೇಳಬೇಕು. ಲೆಕ್ಕಪತ್ರ, ಐಟಿ, ವಿನ್ಯಾಸ, ನರ್ಸಿಂಗ್ ಹೀಗೆ ಕೈಯಲ್ಲಿ ಒಂದು ವೃತ್ತಿ ಇರುವವರಿಗೆ ಇದು ಲಾಭ. ಕನಿಷ್ಠ ಕೂಲಿ 2025ರ ಏಪ್ರಿಲ್‌ನಲ್ಲಿ ಗಂಟೆಗೆ 12.21 ಪೌಂಡ್ ಇತ್ತು. ವರ್ಷದ ಮೊದಲ 12,570 ಪೌಂಡ್‌ಗೆ ಆದಾಯ ತೆರಿಗೆ ಇಲ್ಲ. ಆದರೆ ಲಂಡನ್ನಿನ ಒಂದು ಕೋಣೆಯ ಬಾಡಿಗೆ ಕೇಳಿದರೆ ಬಾಂದ್ರಾ ನೆನಪಾಗುತ್ತದೆ. ಮ್ಯಾಂಚೆಸ್ಟರ್, ಗ್ಲಾಸ್ಗೋ ಕಡೆ ನೋಡಿದರೆ ಉಸಿರಾಡಬಹುದು.

ಎರಡು ವರ್ಷ ಆದ ಮೇಲೆ ಅಲ್ಲೇ ಉಳಿಯಬಹುದಾ ಅಂತ ಎಲ್ಲರೂ ಕೇಳುತ್ತಾರೆ. ಕಂಪನಿ ಸ್ಪಾನ್ಸರ್ ಮಾಡಿದರೆ ಸ್ಕಿಲ್ಡ್ ವರ್ಕರ್ ವೀಸಾಗೆ ಬದಲಾಯಿಸಿಕೊಳ್ಳಬಹುದು. ಆದರೆ ಅದಕ್ಕೆ ಸಾಮಾನ್ಯವಾಗಿ ಬೇಕಾದ ಕನಿಷ್ಠ ಸಂಬಳ 2025ರ ಜುಲೈಯಿಂದ ವರ್ಷಕ್ಕೆ 41,700 ಪೌಂಡ್. ಕನಿಷ್ಠ ಕೂಲಿಯ ಕೆಲಸದಿಂದ ಅಲ್ಲಿಗೆ ಏಣಿ ಇಲ್ಲ. ಉಳಿಯುವ ಆಸೆ ಇದ್ದವರು ಮೊದಲ ದಿನದಿಂದಲೇ ಸರಿಯಾದ ಕೆಲಸ ಹುಡುಕಬೇಕು, ಕೆಫೆಯಲ್ಲಿ ಕಾಲ ಕಳೆಯಬಾರದು.

ಹೆಸರಿನ ಗೋಳು

ಇದನ್ನು ಯಾವ ವಿಡಿಯೋದಲ್ಲೂ ಹೇಳುವುದಿಲ್ಲ, ಆದರೆ ಮುಂಬೈ ಪುಣೆ ಕನ್ನಡಿಗರನ್ನು ಕಾಡುವುದು ಇದೇ. ಊರಿನಲ್ಲಿ ಹುಟ್ಟಿದ ದಾಖಲೆಯಲ್ಲಿ ಬರೀ ಹೆಸರು, ಹಿಂದೊಂದು ಇನಿಷಿಯಲ್. ಮಹಾರಾಷ್ಟ್ರದ ಹತ್ತನೇ ತರಗತಿಯ ಅಂಕಪಟ್ಟಿಯಲ್ಲಿ ಮೊದಲು ಮನೆತನದ ಹೆಸರು, ಆಮೇಲೆ ನಮ್ಮದು, ಆಮೇಲೆ ಅಪ್ಪನದು. ಪಾಸ್‌ಪೋರ್ಟ್‌ನಲ್ಲಿ ಕೆಲವರಿಗೆ ಸರ್‌ನೇಮ್ ಜಾಗ ಖಾಲಿ. ಪ್ಯಾನ್‌ನಲ್ಲಿ ಇನ್ನೊಂದು ರೂಪ. ಒಬ್ಬಳೇ ಮನುಷ್ಯಳು, ಕಾಗದದಲ್ಲಿ ನಾಲ್ಕು ಜನ.

ಚಿಕ್ಕಮ್ಮನ ಮಗನದ್ದೂ ಹೀಗೇ ಆಗಿತ್ತು. ಪಾಸ್‌ಪೋರ್ಟ್‌ನಲ್ಲಿ ಅಪ್ಪನ ಹೆಸರು ನಡುವೆ ಇದೆ, ಪ್ಯಾನ್‌ನಲ್ಲಿ ಇಲ್ಲ. ಆಸ್ಟ್ರೇಲಿಯಾದ ಬ್ಯಾಲಟ್‌ಗೆ ಇವೆರಡೂ ಬೇಕು. ಪಾಸ್‌ಪೋರ್ಟ್ ಹೇಗಿದೆಯೋ ಹಾಗೇ ಪ್ಯಾನ್ ತಿದ್ದಿಸು ಅಂದೆ, ಯಾಕೆಂದರೆ ಎರಡರಲ್ಲಿ ಪ್ಯಾನ್ ತಿದ್ದುವುದು ಸುಲಭ. ಹೆಸರೇ ಪೂರ್ತಿ ಬೇರೆ ಇದ್ದರೆ ಮಹಾರಾಷ್ಟ್ರ ಸರಕಾರದ ಗೆಜೆಟ್‌ನಲ್ಲಿ ಪ್ರಕಟಿಸಬೇಕಾಗುತ್ತದೆ. ಅದಕ್ಕೆ ಸಮಯ ಹಿಡಿಯುತ್ತದೆ. ಈ ಕೆಲಸ ಬ್ಯಾಲಟ್ ತೆರೆದ ಮೇಲೆ ಅಲ್ಲ, ಇವತ್ತೇ ಶುರುಮಾಡಿ.

ವಿಳಾಸವೂ ಹೀಗೇ. ಪಾಸ್‌ಪೋರ್ಟ್‌ನಲ್ಲಿ ಕುಂದಾಪುರ, ಇರುವುದು ಪುಣೆಯ ಹಡಪಸರದಲ್ಲಿ ಬಾಡಿಗೆಗೆ. ಪೊಲೀಸ್ ಕ್ಲಿಯರೆನ್ಸ್, ಅಂದರೆ ನಿಮ್ಮ ಮೇಲೆ ಕೇಸಿಲ್ಲ ಅನ್ನುವ ಪತ್ರ, ಬೇಕಾದಾಗ ಇಲ್ಲಿ ಅಡ್ಡಿ ಬರಬಹುದು. ಅದರ ಅರ್ಜಿ ಪಾಸ್‌ಪೋರ್ಟ್ ಸೇವಾ ಜಾಲತಾಣದಲ್ಲಿ, ಶುಲ್ಕ 500 ರೂಪಾಯಿ. ಪುಣೆಯವರು ಮುಂಢ್ವಾಕ್ಕೆ ಹೋಗಬೇಕು, ಮುಂಬೈಯವರಿಗೆ ಲೋವರ್ ಪರೇಲ್, ಮಲಾಡ್ ಇವೆ. ನೋಂದಣಿಯಾದ ಲೀವ್ ಅಂಡ್ ಲೈಸೆನ್ಸ್ ಕರಾರು, ಅಂದರೆ ಬಾಡಿಗೆ ಪತ್ರ, ಕೈಯಲ್ಲಿರಲಿ. ಮಾಲೀಕರು ನೋಂದಣಿ ಬೇಡ ಅಂದರೆ ಬೇರೆ ಮನೆ ನೋಡುವುದೇ ವಾಸಿ.

ಏಜೆಂಟರ ಬಗ್ಗೆ ಎರಡೇ ಮಾತು

2023ರಲ್ಲಿ ಅಂಧೇರಿಯ ಒಬ್ಬ ಏಜೆಂಟ್ "ಬ್ಯಾಲಟ್‌ನಲ್ಲಿ ಹೆಸರು ಬರುವ ಹಾಗೆ ಮಾಡುತ್ತೇವೆ" ಅಂತ ನನ್ನಿಂದ ಎಂಟು ಸಾವಿರ ತೆಗೆದುಕೊಂಡ. ಆತ ಮಾಡಿದ್ದು ಬಿಟ್ಟಿ ಫಾರ್ಮ್ ಹೇಗೆ ತುಂಬುವುದು ಅಂತ ಎರಡು ಪುಟದ ಪ್ರಿಂಟ್ ಕೊಟ್ಟದ್ದು. ತುಂಬಿದ್ದು ಕೊನೆಗೆ ನಾನೇ, ಲೋಕಲ್‌ನಲ್ಲಿ. ಚೀಟಿ ಎತ್ತುವುದು ಕಂಪ್ಯೂಟರ್. ಅದಕ್ಕೆ ಅಂಧೇರಿಯ ಗುರುತಿಲ್ಲ.

31 ದಾಟಿದವರಿಗೆ

ನನ್ನಂಥವರಿಗೆ ಉಳಿದ ದಾರಿಗಳಲ್ಲಿ ಸ್ವಲ್ಪ ಇದರ ಹತ್ತಿರಕ್ಕೆ ಬರುವುದು ಜರ್ಮನಿಯ ಚಾನ್ಸೆನ್‌ಕಾರ್ಟೆ. 2024ರ ಜೂನ್ 1ರಿಂದ ಶುರುವಾದದ್ದು. ಹಾಲಿಡೇ ಅಲ್ಲ, ಅಲ್ಲಿಗೆ ಹೋಗಿ ಕೆಲಸ ಹುಡುಕಲು ಒಂದು ವರ್ಷದ ಅವಕಾಶ. ಹುಡುಕುತ್ತಿರುವಾಗ ವಾರಕ್ಕೆ 20 ಗಂಟೆ ದುಡಿಯಬಹುದು. ಚೀಟಿ ಎತ್ತುವುದಿಲ್ಲ, ಅಂಕ ಲೆಕ್ಕ. ಅದೇ ನನಗೆ ಇಷ್ಟವಾದದ್ದು. ಅದೃಷ್ಟವನ್ನು ಬೈದುಕೊಂಡು ಕೂರಬೇಕಾಗಿಲ್ಲ.

ಕಷ್ಟ ಇರುವುದು ದುಡ್ಡಿನಲ್ಲಿ. 2025ರ ಲೆಕ್ಕದಲ್ಲಿ ತಿಂಗಳಿಗೆ 1,091 ಯೂರೋದಂತೆ ಒಂದು ವರ್ಷದ ಖರ್ಚನ್ನು ಬ್ಲಾಕ್ಡ್ ಖಾತೆಯಲ್ಲಿ ಇಡಬೇಕು. ಒಟ್ಟು 13,092 ಯೂರೋ, ಅಂದರೆ ಸುಮಾರು ಹದಿಮೂರು ಲಕ್ಷ. ಆ ದುಡ್ಡು ನಮ್ಮದೇ, ತಿಂಗಳು ತಿಂಗಳು ನಮಗೇ ಬರುತ್ತದೆ. ಆದರೂ ಮೊದಲು ಅಷ್ಟು ಕೂಡಿಸಬೇಕಲ್ಲ. ಆಸ್ಟ್ರೇಲಿಯಾ, ಬ್ರಿಟನ್ನಿಗೆ ಬೇಕಾದ ಮೂರು ಲಕ್ಷದ ಮುಂದೆ ಇದು ಬೇರೆಯೇ ಮಾತು. ವಯಸ್ಸು ಇರುವಾಗಲೇ ಆ ಎರಡಕ್ಕೆ ಹೆಸರು ಹಾಕಿ ಅಂತ ನಾನು ಬಡಿದುಕೊಳ್ಳುವುದು ಇದಕ್ಕೇ.

ಪದವಿ ಇರಬೇಕು, ಇಲ್ಲವೇ ಎರಡು ವರ್ಷದ ವೃತ್ತಿ ತರಬೇತಿ. ಭಾಷೆಯಲ್ಲಿ ಜರ್ಮನ್ ಎ1 ಅಥವಾ ಇಂಗ್ಲಿಷ್ ಬಿ2 (ಭಾಷೆಯ ಮಟ್ಟಗಳು ಎ1, ಎ2, ಬಿ1, ಬಿ2, ಸಿ1 ಹೀಗೆ ಏರುತ್ತವೆ). ಅದರ ಮೇಲೆ ಆರು ಅಂಕ ಆಗಬೇಕು. ನನ್ನ ಲೆಕ್ಕ ಹೀಗಿದೆ: 35 ದಾಟಿಲ್ಲ, ಅದಕ್ಕೆ ಎರಡು. ಕಳೆದ ಏಳು ವರ್ಷದಲ್ಲಿ ನನ್ನ ಕ್ಷೇತ್ರದಲ್ಲೇ ಐದು ವರ್ಷದ ಕೆಲಸ, ಅದಕ್ಕೆ ಮೂರು. ಒಟ್ಟು ಐದು. ಇನ್ನೊಂದು ಬೇಕು. ಇಂಗ್ಲಿಷ್‌ನಲ್ಲಿ ಸಿ1 ಪರೀಕ್ಷೆ ಪಾಸಾದರೂ ಒಂದು ಸಿಗುತ್ತದೆ, ಜರ್ಮನ್‌ನಲ್ಲಿ ಎ2 ಮಾಡಿದರೂ ಒಂದು. ಇಂಗ್ಲಿಷ್ ಸುಲಭ. ಆದರೆ ಅಲ್ಲಿ ಹೋಗಿ ಜರ್ಮನ್ ಬರದೆ ಕೆಲಸ ಹುಡುಕುವುದಾದರೂ ಹೇಗೆ? ಪುಣೆಯವರಿಗೆ ಬೋಟ್ ಕ್ಲಬ್ ರಸ್ತೆಯಲ್ಲಿ ಜರ್ಮನ್ ಕಲಿಸುವ ಮ್ಯಾಕ್ಸ್ ಮುಲ್ಲರ್ ಭವನ ಇದೆ, ನಮಗೆ ಕಾಲಾಘೋಡಾದಲ್ಲಿ. ಆ ಒಂದು ಅಂಕಕ್ಕೆ ಈಗ ನಾನು ಡೊಂಬಿವಲಿಯಿಂದ ಸಿಎಸ್‌ಟಿವರೆಗೆ ಲೋಕಲ್‌ನಲ್ಲಿ ನಿಂತುಕೊಂಡು ಡೆರ್, ಡೀ, ಡಾಸ್ ಬಾಯಿಪಾಠ ಮಾಡುತ್ತಿದ್ದೇನೆ. ಅಪ್ಪಯ್ಯ ಮೊನ್ನೆ ಪುಸ್ತಕ ತಿರುವಿ ನೋಡಿ, "ರಾತ್ರಿ ಶಾಲೆಯಂಬ್ರಾ?" ಅಂತ ಕೇಳಿದರು. ಇಲ್ಲ ಅಪ್ಪಯ್ಯ, ಶನಿವಾರ ಬೆಳಿಗ್ಗೆ ಅಂದೆ.